ಹೇಳಬಾರದ ಆರು ಅಂಕಿ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಪ್ರಸಂಗ ಹೇಳಲು ಬರುವುದಿಲ್ಲ, ಬರೆಯುವುದಂತೂ ಇದೇ ಮೊದಲು. ಊಟದ ಪಂಕ್ತಿಯಲ್ಲಿ ನಾನು ಏನಾದರೂ ತಮಾಷೆ ಹೇಳಲು ಶುರುಮಾಡಿದರೆ ಪಕ್ಕದವರು ಸಾರು ಮುಗಿಸಿ ಮಜ್ಜಿಗೆಗೆ ಬಂದಿರುತ್ತಾರೆ, ನಾನು ಇನ್ನೂ ಆ ಮನೆಗೆ ಯಾವ ಕಡೆಯಿಂದ ಹೋಗಬೇಕು ಎನ್ನುವುದನ್ನೇ ಹೇಳುತ್ತಿರುತ್ತೇನೆ. ವಿವರ ಬಿಟ್ಟರೆ ಎದುರಿನವರಿಗೆ ಅರ್ಥವಾಗದೇ ಹೋದೀತು ಎಂಬ ಹೆದರಿಕೆ ನನಗೆ. ಆದರೆ ಇಂಥವು ನನ್ನ ಕೆಲಸದಲ್ಲಿ ತಿಂಗಳಿಗೆ ಎರಡಾದರೂ ಆಗುತ್ತಲೇ ಇರುತ್ತವೆ, ನಿಲ್ಲುವ ಲಕ್ಷಣ ಕಾಣುವುದಿಲ್ಲ. ಹಾಗಾಗಿ ಬರೆದಿಡುವುದೇ ಸರಿ ಅನ್ನಿಸಿತು.

ನನ್ನ ಕೆಲಸ ಏನೆಂದರೆ, ಮನೆಗಳಿಗೆ ಇಂಟರ್ನೆಟ್ ತಂತಿ ಎಳೆಯುವುದು ಮತ್ತು ಅದು ಕೆಟ್ಟರೆ ಸರಿಮಾಡುವುದು. ಕಂಪನಿಯ ಭಾಷೆಯಲ್ಲಿ ನಾನು ‘ಫೀಲ್ಡ್ ಪಾರ್ಟ್ನರ್’. ಊರವರ ಭಾಷೆಯಲ್ಲಿ ‘ವೈರಿನವನು’. ನಮ್ಮ ಆಫೀಸು ರಿಪ್ಪನ್‌ಪೇಟೆಯಲ್ಲಿದೆ. ಅಲ್ಲಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆಗೆ ರಸ್ತೆ ಇರುವುದರಿಂದ ಮೂರೂ ತಾಲ್ಲೂಕಿನ ಬೈಗುಳ ನನಗೇ ಸಲ್ಲುತ್ತದೆ. ಕಂಪನಿಯ ನಿಯಮಗಳನ್ನು ಮಾಡುವವರು ಎಲ್ಲೋ ಇದ್ದಾರೆ. ಅವರನ್ನು ನಾನು ನೋಡಿಲ್ಲ. ಗ್ರಾಹಕರೂ ನೋಡಿಲ್ಲ. ಗ್ರಾಹಕರು ನೋಡಿರುವುದು ನನ್ನನ್ನು ಮಾತ್ರ. ಆದ್ದರಿಂದ ನಿಯಮಗಳನ್ನು ನಾನೇ ರಾತ್ರಿ ಕೂತು ಮಾಡುತ್ತೇನೆ ಎಂದು ಬಹಳ ಜನ ನಂಬಿದ್ದಾರೆ.

ಇನ್ನೊಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಆ್ಯಪ್‌ನಲ್ಲಿ ಪ್ರತಿ ದೂರಿಗೂ ಒಂದು ಬಣ್ಣ ಬೀಳುತ್ತದೆ. ಹೊತ್ತಿಗೆ ಸರಿಯಾಗಿ, ನಿಯಮದಂತೆ ಮುಗಿಸಿದರೆ ಹಸಿರು, ಇಲ್ಲದಿದ್ದರೆ ಅಥವಾ ನನ್ನ ಮೇಲೆಯೇ ದೂರು ಬಂದರೆ ಕೆಂಪು. ವರ್ಷದಲ್ಲಿ ನಾಲ್ಕು ಕೆಂಪು ಬಿದ್ದರೆ ನನ್ನ ಐಡಿ ಮುಚ್ಚಿಹೋಗುತ್ತದೆ. ಐಡಿ ಮುಚ್ಚಿದರೆ ಕೆಲಸವೂ ಮುಚ್ಚಿದಂತೆ. ಮೊದಲು ಕೇಬಲ್ ಟೀವಿಯ ತಂತಿ ಎಳೆಯುತ್ತಿದ್ದೆ, ಈಗ ಇದು. ತಂತಿ ಬಿಟ್ಟರೆ ನನಗೆ ಬೇರೆ ವಿದ್ಯೆ ಇಲ್ಲ.

ನನಗೆ ಈಗಾಗಲೇ ಮೂರು ಕೆಂಪು ಬಿದ್ದಿವೆ. ನಾಲ್ಕನೆಯದು ಬೀಳುತ್ತದೋ ಇಲ್ಲವೋ ಎನ್ನುವುದು ಇವತ್ತು ಸಂಜೆ ಐದು ಗಂಟೆಯ ಒಳಗೆ ತೀರ್ಮಾನವಾಗುತ್ತದೆ. ಇದನ್ನು ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಒಬ್ಬ ಗ್ರಾಹಕರ ಮನೆಯ ಜಗಲಿಯಲ್ಲಿ ಕೂತು, ದೂರು ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಈಗ ಮಧ್ಯಾಹ್ನ ಎರಡು ಗಂಟೆ. ಮೂರು ನಲವತ್ತರವರೆಗೆ ನನಗೆ ಬೇರೆ ಕೆಲಸವಿಲ್ಲ. ಯಾಕೆ ಇಲ್ಲ ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲೇ ಹೇಳಿದರೆ ಗೊಂದಲವಾಗುತ್ತದೆ.

೧. ಮಿತಿಯಿಲ್ಲದ್ದರ ಮಿತಿ

ಇದಕ್ಕೆ ಕೆಂಪು ಬೀಳಲಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಇದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ರಿಪ್ಪನ್‌ಪೇಟೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಬಹಳ ವರ್ಷ ನ್ಯಾಯಬೆಲೆ ಅಂಗಡಿ ನಡೆಸಿದವರು. ಅಂದರೆ ರೇಷನ್ ಅಂಗಡಿ. ಅವರಿಗೆ ಕಂಪನಿಯ ‘ಅನ್‌ಲಿಮಿಟೆಡ್’ ಯೋಜನೆ ಹಾಕಿಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಕಾಗದವನ್ನು ಪೂರ್ತಿ ಓದಿದರು. ಹೀಗೆ ಪೂರ್ತಿ ಓದಿದ ಗ್ರಾಹಕರನ್ನು ನಾನು ಕಂಡಿದ್ದು ಅದೇ ಮೊದಲು.

“ಅನ್‌ಲಿಮಿಟೆಡ್ ಅಂದ್ರೆ ಮಿತಿ ಇಲ್ಲ. ಹೌದಾ?”

“ಹೌದು ಸರ್.”

“ಇಲ್ಲಿ ಕೆಳಗೆ, ‘ಮಿತಿ ಮುಗಿದ ನಂತರ ವೇಗ ಕಡಿಮೆಯಾಗುತ್ತದೆ’ ಅಂತಿದೆ. ಯಾವ ಮಿತಿ?”

“ಅದು... ಮಿತಿ ಇಲ್ಲ ಸರ್. ಆದ್ರೆ ಇಷ್ಟು ಅಂತ ಇದೆ. ಅದು ಮುಗಿದ ಮೇಲೂ ಬರ್ತದೆ, ಸ್ವಲ್ಪ ನಿಧಾನ ಬರ್ತದೆ.”

“ಎಷ್ಟು ನಿಧಾನ?”

“ಬರಲ್ಲ ಅನ್ನೋಷ್ಟು.”

ಅವರು ಕಾಗದ ಮಡಿಸಿ, “ಅರ್ಥ ಆಯ್ತು ಬಿಡಿ, ಕೋಟಾ,” ಎಂದರು. ಅವರಿಗೆ ಹೇಗೆ ಅರ್ಥವಾಯಿತೋ ಗೊತ್ತಿಲ್ಲ, ಆದರೆ ಅವತ್ತಿನಿಂದ ಅವರ ಮನೆಯಲ್ಲಿ ಇಂಟರ್ನೆಟ್ ರೇಷನ್ ಶುರುವಾಯಿತು. ಬೆಳಿಗ್ಗೆ ಮಗನಿಗೆ ಒಂದು ಗಂಟೆ, ಮಧ್ಯಾಹ್ನ ಹೆಂಡತಿಗೆ ಒಂದು ಧಾರಾವಾಹಿ, ಸಂಜೆ ತಮಗೆ ಸುದ್ದಿ. ಉಳಿದ ಹೊತ್ತು ಮೋಡೆಮ್ಮಿನ ಸ್ವಿಚ್ಚು ಬಂದ್. ಹೀಗೆ ಮಾಡಿದರೆ ಏನಾಗುತ್ತದೆ? ತಿಂಗಳ ಕೊನೆಗೆ ಬಹಳ ಉಳಿಯುತ್ತದೆ. ಅವರು ನನಗೆ ಫೋನ್ ಮಾಡಿದರು.

“ಉಳಿದದ್ದು ಮುಂದಿನ ತಿಂಗಳಿಗೆ ಸೇರ್ತದಾ?”

“ಇಲ್ಲ ಸರ್. ನಾಳೆ ಬೆಳಿಗ್ಗೆಗೆ ಹೋಗ್ತದೆ. ಹೊಸದು ಬರ್ತದೆ.”

“ಹಾಳು ಮಾಡೋಕೆ ಆಗಲ್ಲ,” ಎಂದು ಫೋನ್ ಇಟ್ಟರು.

ಅವತ್ತು ಸಂಜೆ ಅವರ ಮನೆಯ ಮುಂದಿನಿಂದ ಬೈಕಿನಲ್ಲಿ ಹೋಗುತ್ತಿದ್ದೆ. ಗೇಟಿನಿಂದ ರಸ್ತೆಯವರೆಗೆ ಸಾಲು. ಅಕ್ಕಪಕ್ಕದ ಮನೆಯವರೆಲ್ಲ ಫೋನ್ ಹಿಡಿದು ನಿಂತಿದ್ದರು. ಹಿರಿಯರು ಬಾಗಿಲಲ್ಲಿ ಸ್ಟೂಲು ಹಾಕಿ ಕೂತು ಒಬ್ಬೊಬ್ಬರನ್ನೇ ಒಳಗೆ ಕರೆದು ಪಾಸ್‌ವರ್ಡ್ ಹಾಕಿಕೊಡುತ್ತಿದ್ದರು. “ಒಬ್ಬರಿಗೆ ಒಂದು ಸಿನಿಮಾ. ತಗೊಂಡು ಹೊರಡಿ, ಹಿಂದಿನವರಿಗೂ ಇದೆ.” ಸಾಲಿನ ಕೊನೆಯಲ್ಲಿ ಒಬ್ಬರು ಅಜ್ಜಿ ನಿಂತಿದ್ದರು. ಅವರು ಏನು ಕೊಡುತ್ತಾರೆ ಎಂದು ಕೇಳಿಕೊಂಡು ಬಂದಿರಲಿಲ್ಲ, ಕೊಡುತ್ತಾರೆ ಎಂದಷ್ಟೇ ಕೇಳಿ ಬಂದಿದ್ದರು. ಕೈಯಲ್ಲಿ ಚೀಲವಿತ್ತು.

೨. ಮೂಲ ಡಬ್ಬಿ

ಇದು ಮೊದಲನೇ ಕೆಂಪು. ಹೊಸನಗರದ ಕಡೆಯದು.

ಕಂಪನಿಯ ನಿಯಮ ಹೀಗಿದೆ: ಸಂಪರ್ಕ ಬೇಡವಾದರೆ ಮೋಡೆಮ್ಮನ್ನು ವಾಪಸ್ ಕೊಡಬೇಕು. ಸುಮ್ಮನೆ ಕೊಟ್ಟರೆ ಆಗುವುದಿಲ್ಲ. ಅದು ಬಂದಾಗ ಇದ್ದ ಮೂಲ ಡಬ್ಬಿಯಲ್ಲೇ, ಬಂದಾಗ ಇದ್ದ ಹಾಗೆಯೇ ಕೊಡಬೇಕು. ಡಬ್ಬಿ ಎಂದರೆ ರಟ್ಟಿನ ಪೆಟ್ಟಿಗೆ. ಯಾರು ಅದನ್ನು ಇಟ್ಟುಕೊಂಡಿರುತ್ತಾರೆ ಎಂದು ನೀವು ಕೇಳಬಹುದು. ನಮ್ಮ ಕಡೆ ಎಲ್ಲರೂ ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ಗಟ್ಟಿ ರಟ್ಟಿನ ಡಬ್ಬಿಯನ್ನು ಎಸೆದ ಮನೆಯನ್ನು ನಾನು ಕಂಡಿಲ್ಲ. ಕಷ್ಟವಿರುವುದು ಅದು ಖಾಲಿ ಇರುವುದಿಲ್ಲ ಎನ್ನುವುದರಲ್ಲಿ.

ಆ ಕಡೆಯ ಒಂದು ಮನೆಯವರು ಸಂಪರ್ಕ ಬೇಡವೆಂದರು, ಅದು ಆ ಮನೆಯ ಅಜ್ಜಿಯ ಹೆಸರಿನಲ್ಲಿತ್ತು. ನಾನು ಹೋಗಿ ಡಬ್ಬಿ ಕೇಳಿದೆ. ಅಜ್ಜಿ ಹವ್ಯಕರು, ಅವರ ಮಾತಿನಲ್ಲಿ ‘ಎಂಗೊ’ ಎಂದರೆ ನಾವು, ‘ಹೇಳಿ’ ಎಂದರೆ ಅಂತ:

“ಡಬ್ಬಿ ಇದ್ದು ತಮ್ಮಾ. ಆದ್ರೆ ಈಗ ಕೊಡಲೆ ಬತ್ತಿಲ್ಲೆ.”

“ಯಾಕೆ ಅಜ್ಜಿ?”

“ಅದ್ರಲ್ಲಿ ಬೆಕ್ಕು ಮರಿ ಹಾಕಿದ್ದು. ಎಂಗೊ ಮುಟ್ಟಿರೆ ಅದು ಮರಿ ಕಚ್ಚಿಗಂಡು ಬೇರೆ ಮನೆಗೆ ಹೋಗ್ತು. ಮರಿ ಕಣ್ಣು ಬಿಟ್ಟಮೇಲೆ ಬಾ.”

ನಾನು ಮೆಟ್ಟಿಲ ಕೆಳಗೆ ಬಗ್ಗಿ ನೋಡಿದೆ. ಹೌದು, ಕಂಪನಿಯ ಹೆಸರು ದೊಡ್ಡದಾಗಿ ಮುದ್ರಿಸಿದ ಡಬ್ಬಿಯಲ್ಲಿ ತಾಯಿಬೆಕ್ಕು ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ನಾಲ್ಕು ಮರಿಗಳು. ಎಳೆದುಕೊಳ್ಳಲು ನನಗೆ ಮನಸ್ಸಾಗಲಿಲ್ಲ, ಧೈರ್ಯವೂ ಆಗಲಿಲ್ಲ.

ಆ್ಯಪ್‌ನಲ್ಲಿ ‘ವಿಳಂಬಕ್ಕೆ ಕಾರಣ’ ಎಂಬ ಕಡೆ ಒಂದೇ ಒಂದು ಪದ ಬರೆಯಲು ಜಾಗವಿದೆ. ‘ಡಬ್ಬಿಯಲ್ಲಿ ಬೆಕ್ಕು ಮರಿ ಹಾಕಿರುವುದರಿಂದ’ ಎಂದು ಬರೆದರೆ ‘ಡಬ್ಬಿಯಲ್ಲಿ’ ಎನ್ನುವುದಷ್ಟೇ ಉಳಿಯುತ್ತಿತ್ತು. ಬಹಳ ಯೋಚಿಸಿ ‘ಹೆರಿಗೆ’ ಎಂದು ಬರೆದೆ. ಸುಳ್ಳಲ್ಲವಲ್ಲ.

ಎರಡು ವಾರ ಬಿಟ್ಟು ಹೋದೆ. ಮರಿಗಳು ಕಣ್ಣು ಬಿಟ್ಟು ಜಗಲಿಯ ಮೇಲೆ ಓಡಾಡುತ್ತಿದ್ದವು. ಡಬ್ಬಿ ಸಿಕ್ಕಿತು. ಆದರೆ ‘ಬಂದಾಗ ಇದ್ದ ಹಾಗೆ’ ಇರಲಿಲ್ಲ, ಅದಕ್ಕೆ ಕೆಂಪು ಬಿತ್ತು. ಹೊರಡುವಾಗ ಅಜ್ಜಿ ಫೋನ್ ತೋರಿಸಿದರು.

“ತಮ್ಮಾ, ನಿಂಗಳ ಕಂಪನಿಯವು ಎಂತದೋ ಕಳಸಿದ್ದ. ಓದು ನೋಡನ.”

ಓದಿದೆ. ‘ಪ್ರಿಯ ಗ್ರಾಹಕರೇ, ನಿಮ್ಮ ಮನೆಗೆ ಪುಟ್ಟ ಅತಿಥಿಯ ಆಗಮನಕ್ಕೆ ಹಾರ್ದಿಕ ಅಭಿನಂದನೆಗಳು. ತಾಯಿ ವಿಶ್ರಾಂತಿ ಪಡೆಯಲಿ. ಮಕ್ಕಳ ಚಾನೆಲ್‌ಗಳು ಮೂರು ತಿಂಗಳು ಉಚಿತ.’

ಅಜ್ಜಿ ಕೇಳಿಸಿಕೊಂಡು, ಎಂಬತ್ತು ತುಂಬಿದ ಕೈಯಿಂದ ಬೆಕ್ಕಿನ ತಲೆ ಸವರುತ್ತಾ, “ಒಂದಲ್ಲ, ನಾಲ್ಕು ಹೇಳಿ ಬರೆಯಕ್ಕಾಗಿತ್ತು,” ಎಂದರು.

೩. ನೀರಿನಲ್ಲಿ ನಿಂತ ಫೋಟೊ

ಎರಡನೇ ಕೆಂಪು ತೀರ್ಥಹಳ್ಳಿಯದು, ಹೊತ್ತು ಮೀರಿದ್ದಕ್ಕೆ ಬಿದ್ದದ್ದು.

ಇಲ್ಲಿ ಒಟಿಪಿ ಎಂದರೆ ಏನೆಂದು ಹೇಳಿಬಿಡುತ್ತೇನೆ. ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಇರಲಿ. ಯಾವ ಕೆಲಸ ಮಾಡಬೇಕಾದರೂ ಗ್ರಾಹಕರು ಮೊದಲು ಬರೆಸಿದ ಫೋನ್ ನಂಬರಿಗೆ ಕಂಪನಿ ಆರು ಅಂಕಿ ಕಳಿಸುತ್ತದೆ. ಆ ಆರು ಅಂಕಿಯನ್ನು ಗ್ರಾಹಕರು ಹೇಳಿದರೆ ಮಾತ್ರ ಕೆಲಸ ಮುಂದೆ ಹೋಗುತ್ತದೆ.

ತೀರ್ಥಹಳ್ಳಿಯಲ್ಲಿ ಮದುವೆ ಮುಂಜಿಗೆ ಅಡುಗೆ ಮಾಡುವ ಒಬ್ಬರಿದ್ದಾರೆ. ಅವರು ತುಂಗಾ ನದಿಯ ಕಲ್ಲಿನ ಮೇಲೆ ದೊಡ್ಡ ಹಂಡೆ ತೊಳೆಯುವಾಗ ಸೊಂಟದಲ್ಲಿದ್ದ ಫೋನು ಜಾರಿ ಮಡುವಿಗೆ ಬಿತ್ತು. ಆ ಸಿಮ್ಮು ಅವರ ಷಡ್ಡಕನ ಹೆಸರಿನಲ್ಲಿತ್ತು, ಷಡ್ಡಕನಿಗೂ ಅವರಿಗೂ ಮಾತಿಲ್ಲ. ಹಾಗಾಗಿ ಅದೇ ನಂಬರು ಮತ್ತೆ ಸಿಗುವಂತಿರಲಿಲ್ಲ. ಹೊಸ ನಂಬರು ತೆಗೆದುಕೊಂಡರು. ಅದನ್ನು ಬದಲಿಸಿಕೊಡಿ ಎಂದು ನನ್ನ ಎದುರಿಗೇ ಸಹಾಯವಾಣಿಗೆ ಫೋನ್ ಮಾಡಿ ಸ್ಪೀಕರ್‌ನಲ್ಲಿಟ್ಟರು.

“ಖಂಡಿತ ಸರ್. ನಿಮ್ಮ ಹಳೇ ನಂಬರಿಗೆ ಒಟಿಪಿ ಕಳಿಸಿದ್ದೇವೆ, ಹೇಳಿ.”

“ಹಳೇ ನಂಬರು ಹೊಳೇಲಿದೆ.”

“ಸರ್, ಅಲ್ಲಿ ನೆಟ್‌ವರ್ಕ್ ಇದೆಯಾ?”

ಅಡುಗೆಯವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಒಟಿಪಿ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ ಎಂದು ಸಹಾಯವಾಣಿಯ ಹುಡುಗಿಯೇ ಹೇಳಿದಳು. ನಮ್ಮ ಸಿಬ್ಬಂದಿ ಗ್ರಾಹಕರ ಜೊತೆ, ನೋಂದಾಯಿತ ಫೋನು ಇರುವ ಸ್ಥಳದಲ್ಲಿ ನಿಂತು ಫೋಟೊ ಕಳಿಸಬೇಕು. ಅದೇ ಸ್ಥಳದಲ್ಲಿ ನಿಂತಿದ್ದೇವೆಯೇ ಎಂದು ಆ್ಯಪ್ಪೇ ನೋಡಿಕೊಳ್ಳುತ್ತದೆ. ದಂಡೆಯಲ್ಲಿ ನಿಂತು ತೆಗೆದು ಕಳಿಸಿದೆವು. ‘ಸ್ಥಳ ಹೊಂದಿಕೆಯಾಗುತ್ತಿಲ್ಲ, ಇನ್ನೂ ಹತ್ತಿರ ಹೋಗಿ’ ಎಂದು ಬಂತು. ಮೊಳಕಾಲು ನೀರಿಗೆ ಇಳಿದೆವು. ‘ಇನ್ನೂ ಹತ್ತಿರ.’ ಕೊನೆಗೆ ಇಬ್ಬರೂ ಪಂಚೆ ಎತ್ತಿ ಕಟ್ಟಿ ಸೊಂಟದ ನೀರಿನಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತೆವು. ಬೆಳಕು ಆ ಕಡೆಯಿಂದ ಚೆನ್ನಾಗಿತ್ತು, ಅದಕ್ಕೆ. ದಂಡೆಯಲ್ಲಿ ಹೋಗುತ್ತಿದ್ದ ಒಬ್ಬರನ್ನು ಕರೆದು, ಒಂದು ಫೋಟೊ ತೆಗೀರಿ ಎಂದು ಕೇಳಿಕೊಂಡೆವು.

ಅವರು ಚಪ್ಪಲಿ ಕಳಚಿದರು. ಫೋಟೊ ತೆಗೆದು, ಫೋನನ್ನು ಎರಡೂ ಕೈಯಲ್ಲಿ ಹಿಡಿದು, ತಗ್ಗಿದ ದನಿಯಲ್ಲಿ ಕೇಳಿದರು:

“ಯಾರು ಹೋಗಿದ್ದು?”

ಅಡುಗೆಯವರು ನೀರು ನೋಡುತ್ತಲೇ ಹೇಳಿದರು: “ಸಿಮ್ಮು.”

೪. ಕೈ ಇದ್ದವರು

ಮೂರನೇ ಕೆಂಪು ಈಗ ನಾನು ಕೂತಿರುವ ಈ ಮನೆಯದೇ. ಇದನ್ನು ಸರಿಯಾಗಿ ಹೇಳಬೇಕು, ಏಕೆಂದರೆ ಇವತ್ತಿನ ಕಷ್ಟಕ್ಕೆಲ್ಲ ಇದೇ ಮೂಲ.

ಈ ಮನೆಯ ಅಕ್ಕ ಹಸೆ ಚಿತ್ತಾರ ಬರೆಯುವವರು. ಅಂದರೆ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಗೆರೆ ಎಳೆದು ಬರೆಯುವ ಚಿತ್ರ. ಅಕ್ಕನ ಗಂಡನನ್ನು ನಾನು ಭಾವ ಎನ್ನುತ್ತೇನೆ. ಮನೆ ತಗ್ಗಿನಲ್ಲಿದೆ. ಗುಡ್ಡದ ಅರ್ಧದಲ್ಲಿ, ತಿರುವಿನಲ್ಲಿ ಇನ್ನೊಂದು ಮನೆ ಇದೆ. ಅಲ್ಲಿ ಇರುವವರು ಮೇಲ್ಮನೆ ಯಜಮಾನರು. ವಯಸ್ಸಾದವರು, ಆದರೆ ಗಂಟಲು ಕಂಚಿನದು.

ಎರಡು ತಿಂಗಳ ಹಿಂದೆ ಅಕ್ಕನ ಮನೆಯ ತಂತಿಯನ್ನು ಮಂಗ ಕಚ್ಚಿ ತುಂಡು ಮಾಡಿತು. ಯಜಮಾನರ ಹಲಸಿನ ಮರದ ಮೇಲೆ ಕೂತು, ನನ್ನ ಕಣ್ಣೆದುರಿಗೇ ಉಳಿದದ್ದನ್ನೂ ಅಗಿಯುತ್ತಿತ್ತು. ನಾನು ತಂತಿ ಜೋಡಿಸಿ ಆ್ಯಪ್ ತೆರೆದೆ. ‘ಹಾನಿಗೆ ಕಾರಣ’ ಎಂದು ಕೇಳಿತು. ಕೆಳಗೆ ನಾಲ್ಕೇ ಉತ್ತರ: ಇಲಿ, ರಸ್ತೆ ಕೆಲಸ, ಬೆಂಕಿ, ನೆರೆಯವರು. ಮಂಗ ಇಲ್ಲ. ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಆಫೀಸಿಗೆ ಫೋನ್ ಮಾಡಿದೆ.

“ಮಂಗ ಇಲ್ಲದಿದ್ರೆ ಅದನ್ನ ಹೋಲೋದು ಯಾವುದಿದೆ ಅದನ್ನ ಒತ್ತಿ ಮಾರಾಯ್ರೆ,” ಎಂದರು.

ನಾನು ಬಂಡೆಯ ಮೇಲೆ ಕೂತು ಪ್ರಾಮಾಣಿಕವಾಗಿ ಯೋಚಿಸಿದೆ. ರಸ್ತೆ ಕೆಲಸ ಅಲ್ಲ. ಬೆಂಕಿ ಅಲ್ಲ. ಇಲಿಯೋ ನೆರೆಯವರೋ? ಇಲಿ ಸಣ್ಣದು, ಮರದ ಮೇಲೆ ಹಾಗೆ ಕೂರುವುದಿಲ್ಲ. ಮಂಗ ತಂತಿಯನ್ನು ಕೈಯಲ್ಲಿ ಹಿಡಿದಿತ್ತು. ನಾಲ್ಕರಲ್ಲಿ ಕೈ ಇದ್ದವರು ನೆರೆಯವರು ಮಾತ್ರ. ಮರವೂ ಅವರದೇ. ‘ನೆರೆಯವರು’ ಒತ್ತಿದೆ. ಮುಂದೆ ‘ಹಾನಿಯ ವಿಧಾನ’ ಎಂದು ಕೇಳಿತು: ಕತ್ತರಿಸಿದ್ದು, ಸುಟ್ಟಿದ್ದು, ಕಚ್ಚಿದ್ದು. ‘ಕಚ್ಚಿದ್ದು’ ಒತ್ತಿದೆ. ಅದು ಸತ್ಯ ತಾನೇ. ಆಮೇಲೆ ನೆರೆಯವರ ಗ್ರಾಹಕ ಸಂಖ್ಯೆ ಕೇಳಿತು, ಏಕೆಂದರೆ ಯಜಮಾನರೂ ಆಗ ನಮ್ಮ ಗ್ರಾಹಕರೇ. ಅದನ್ನೂ ಹಾಕಿದೆ. ಸುಮ್ಮನೆ ದಾಖಲೆಗೆ ಕೇಳುತ್ತಾರೆ ಎಂದುಕೊಂಡಿದ್ದೆ.

ಹತ್ತು ದಿನಕ್ಕೆ ಯಜಮಾನರಿಗೆ ಅಂಚೆಯಲ್ಲಿ ನೋಟಿಸು ಬಂತು. ಸೀಲು ಒತ್ತಿದ ಕಾಗದ. ‘ತಾವು ನೆರೆಮನೆಯ ತಂತಿಯನ್ನು ಕಚ್ಚಿ ತುಂಡರಿಸಿರುವುದು ಕಂಡುಬಂದಿರುತ್ತದೆ. ಮತ್ತೆ ಕಚ್ಚಿದಲ್ಲಿ ಕ್ರಮ ಕೈಗೊಳ್ಳಲಾಗುವುದು.’ ಕೆಳಗೆ ಕಂಪನಿಯ ಎಲ್ಲಾ ನಿಯಮಗಳು ಸಣ್ಣ ಅಕ್ಷರದಲ್ಲಿ. ಅಂಚೆಯವರೇ ಅದನ್ನು ಹಾಲಿನ ಡೈರಿಯ ಮುಂದೆ, ಹತ್ತು ಜನರ ಎದುರಿಗೆ ಗಟ್ಟಿಯಾಗಿ ಓದಿ ಹೇಳಿದರಂತೆ.

ಯಜಮಾನರು ಅವತ್ತೇ ತಮ್ಮ ಸಂಪರ್ಕ ತೆಗೆಸಿದರು. ನನ್ನ ಮೇಲೆ ದೂರು ಕೊಟ್ಟರು, ಮೂರನೇ ಕೆಂಪು ಬಿತ್ತು. ಅಕ್ಕನ ಮನೆಯ ಜೊತೆ ಮಾತು ಬಿಟ್ಟರು, ಅಕ್ಕನೇ ಹೇಳಿ ಬರೆಸಿದ್ದು ಎಂದು ಅವರ ನಂಬಿಕೆ. ನಾನು ತಪ್ಪಾಯಿತು ಎನ್ನಲು ಹೋದೆ. ಅವರು ಬೆಳಕಿನ ಕಡೆ ತಿರುಗಿ ಬಾಯಿ ತೆರೆದು ತೋರಿಸಿದರು. ನಾನು ಎಣಿಸಿದೆ. ಇದ್ದದ್ದು ನಾಲ್ಕು ಹಲ್ಲು, ಒಂದಕ್ಕೊಂದು ಎದುರಾಗಿ ಯಾವುದೂ ಇಲ್ಲ.

೫. ಕೂ

ಈಗ ಇವತ್ತಿನದಕ್ಕೆ ಬಂದೆ.

ಅಕ್ಕನ ಲೈನು ಮತ್ತೆ ಕೆಟ್ಟಿತ್ತು. ಇವತ್ತು ನಾಲ್ಕು ಗಂಟೆಗೆ ಅವರ ಮೊದಲನೇ ಚಿತ್ತಾರದ ಪಾಠ ಇದೆ. ದೂರದೂರದ ಊರುಗಳಲ್ಲಿ ಹನ್ನೆರಡು ಹೆಂಗಸರು ಕೆಮ್ಮಣ್ಣು ಬಳಿದ ಹಲಗೆ ಇಟ್ಟುಕೊಂಡು ಫೋನಿನ ಎದುರು ಕಾಯುತ್ತಾರೆ. ನಾನು ಬೆಳಿಗ್ಗೆ ಹನ್ನೊಂದೂವರೆಗೆ ಲೈನು ಸರಿಮಾಡಿದೆ. ಆದರೆ ಸರಿಯಾದರೂ ಇಂಟರ್ನೆಟ್ ಬರುವುದಿಲ್ಲ. ಮೊದಲು ಕಂಪನಿಯ ಒಂದೇ ಒಂದು ಪುಟ ತೆರೆಯುತ್ತದೆ. ಅದರಲ್ಲಿ ಒಟಿಪಿ ಹಾಕಿ ದೂರನ್ನು ಮುಚ್ಚಿದ ಮೇಲೆಯೇ ಉಳಿದದ್ದು.

ಒಟಿಪಿ ಬರುವುದು ಭಾವನ ಫೋನಿಗೆ. ಈ ತಗ್ಗಿನಲ್ಲಿ ಸಿಗ್ನಲ್ ಇಲ್ಲ. ಗುಡ್ಡದ ನೆತ್ತಿಯ ಬಂಡೆಯ ಮೇಲೆ ಮಾತ್ರ ಇದೆ. ಒಟಿಪಿಯ ಆಯಸ್ಸು ಮೂರು ನಿಮಿಷ. ಬಂಡೆಯಿಂದ ಇಲ್ಲಿಗೆ ಇಳಿಯಲು ಎಂಟು ನಿಮಿಷ ಬೇಕು. ದಿನಕ್ಕೆ ಮೂರೇ ಒಟಿಪಿ, ಒಂದಕ್ಕೂ ಇನ್ನೊಂದಕ್ಕೂ ಎರಡು ಗಂಟೆ ಅಂತರ. ಇದು ನಿಯಮ. ಮೊದಲನೆಯದು ಹನ್ನೊಂದು ನಲವತ್ತಕ್ಕೆ. ಭಾವ ಓಡಿಯೇ ಬಂದರು, ಮಧ್ಯೆ ಒಂದು ಕಡೆ ಕೂತುಕೊಂಡೂ ಜಾರಿದರು. ಐದು ನಿಮಿಷ ಹಿಡಿಯಿತು.

ಹಿಂದೆಲ್ಲ ಇದು ಕಷ್ಟವೇ ಆಗಿರಲಿಲ್ಲ. ನಮ್ಮ ಕಡೆ ಕೂ ಹಾಕುವ ಪದ್ಧತಿ ಇದೆ. ಗುಡ್ಡದಿಂದ ಗುಡ್ಡಕ್ಕೆ, ಮನೆಯಿಂದ ಮನೆಗೆ ಉದ್ದಕ್ಕೆ ‘ಕೂ’ ಎಂದು ಕರೆದು, ಅತ್ತಲಿಂದ ‘ಕೂ’ ಬಂದ ಮೇಲೆ ಸುದ್ದಿ ಹೇಳುವುದು. ಬಂಡೆಯ ಮೇಲೆ ಕರೆದದ್ದು ಗುಡ್ಡದ ತಿರುವಿನಿಂದಾಗಿ ನೇರ ಇಲ್ಲಿಗೆ ಕೇಳುವುದಿಲ್ಲ, ಮೇಲ್ಮನೆಗೆ ಕೇಳುತ್ತದೆ. ಮೇಲ್ಮನೆ ಯಜಮಾನರು ಅದನ್ನು ಹಿಡಿದು ಕೆಳಗೆ ದಾಟಿಸುತ್ತಿದ್ದರು. ದನ ಸಿಕ್ಕಿತು, ಬಸ್ಸು ಬಂತು, ಒಟಿಪಿ ಬಂತು, ಎಲ್ಲವೂ ಅವರ ಗಂಟಲಿನಿಂದಲೇ. ನೋಟಿಸು ಬಂದ ಮೇಲೆ ಈ ಮನೆಯ ಕಡೆ ಒಂದೂ ಕೂ ಹಾಕಿಲ್ಲ.

ಎರಡನೇ ಒಟಿಪಿಗೆ, ಅಂದರೆ ಒಂದು ನಲವತ್ತಕ್ಕೆ, ಭಾವ ಬಂಡೆಯ ಮೇಲಿನಿಂದಲೇ ಕೂಗಿದರು. ಯಜಮಾನರು ಅಂಗಳದಲ್ಲಿ ನಿಂತು ಕೇಳಿಸಿಕೊಂಡರು. ಅಕ್ಕ ಕೆಳಗಿನಿಂದ ಕರೆದರು:

“ಎಂತ ಬಂತು ಮಾವ? ಹೇಳ್ರಿ.”

ಯಜಮಾನರು ಜೇಬಿನಿಂದ ಆ ನೋಟಿಸನ್ನೇ ತೆಗೆದರು. ಕನ್ನಡಕ ಹಾಕಿಕೊಂಡರು. ಬಂದ ದಿನದಿಂದ ಅದು ಅವರ ಜೇಬಿನಲ್ಲೇ ಇದೆಯಂತೆ. ಕೆಳಗಿನ ಸಣ್ಣ ಅಕ್ಷರ ಓದಲು ಶುರುಮಾಡಿದರು. “‘ಒಟಿಪಿಯನ್ನು ಯಾರಿಗೂ ಹೇಳಬಾರದು.’ ಯಾರಿಗೂ ಅಂತ ಇದೆ.”

“ನಾನು ಕಂಪನಿಯವನೇ,” ಎಂದು ನಾನು ಕೂಗಿದೆ.

“‘ಕಂಪನಿಯ ಸಿಬ್ಬಂದಿಗೂ ಸಹ ಹೇಳಬಾರದು.’ ನಿನ್ನ ಹೆಸರೇ ಹಾಕಿದಾರೆ ನೋಡು. ಒಂದು ನೋಟಿಸು ಸಾಕು ಮಾರಾಯ, ಇನ್ನು ನಾನು ನಿಯಮ ಮೀರೋನಲ್ಲ.”

ಇಲ್ಲಿ ನನಗೇ ಗೊಂದಲವಾಯಿತು. ಏಕೆಂದರೆ ಅವರು ಓದಿದ್ದು ಸರಿ. ಸಿಬ್ಬಂದಿಗೆ ಹೇಳಬಾರದು ಎಂಬುದು ಕಂಪನಿಯ ನಿಯಮ. ಸಿಬ್ಬಂದಿಗೆ ಹೇಳದಿದ್ದರೆ ದೂರು ಮುಚ್ಚುವುದಿಲ್ಲ ಎಂಬುದೂ ಕಂಪನಿಯದೇ ನಿಯಮ. ಎರಡೂ ಒಂದೇ ಕಾಗದದಲ್ಲಿವೆ, ನಡುವೆ ನಾನಿದ್ದೇನೆ. ಯಜಮಾನರು ಆರು ಅಂಕಿ ಕೂಗುವುದು ಬಿಟ್ಟು ಒಂದರಿಂದ ಹದಿನಾಲ್ಕರವರೆಗೆ ನಿಯಮಗಳನ್ನೇ ಕೂಗಿ ಹೇಳಿದರು. ಎಲ್ಲವೂ ಸ್ಪಷ್ಟವಾಗಿ ಕೇಳಿಸಿತು. ಮೂರು ನಿಮಿಷ ಅದಕ್ಕೇ ಸರಿಹೋಯಿತು.

ಹೀಗಾಗಿ ಉಳಿದಿರುವುದು ಒಂದೇ ಒಟಿಪಿ, ಮೂರು ನಲವತ್ತರದು. ಆಮೇಲೆ ನಾಳೆಯೇ. ನಾಳೆಯವರೆಗೆ ಕಾದರೆ ಇವತ್ತು ಐದು ಗಂಟೆಗೇ ನನ್ನ ನಾಲ್ಕನೇ ಕೆಂಪು ಬಿದ್ದಿರುತ್ತದೆ, ಅಕ್ಕನ ಹನ್ನೆರಡು ಹೆಂಗಸರು ಎದ್ದು ಹೋಗಿರುತ್ತಾರೆ.

ಭಾವನ ಬದಲು ನಾನೇ ಬಂಡೆಗೆ ಹೋದರೆ ಆಗುವುದಿಲ್ಲವೇ ಎಂದು ನೀವು ಕೇಳಬಹುದು. ಆಗುವುದಿಲ್ಲ. ಒಟಿಪಿ ಹಾಕುವ ಪುಟ ಈ ಮೋಡೆಮ್ಮಿನ ಹತ್ತಿರ ಮಾತ್ರ ತೆರೆಯುತ್ತದೆ. ಮೋಡೆಮ್ಮನ್ನೇ ಬಂಡೆಗೆ ಒಯ್ದರೆ? ತಂತಿ ಅಲ್ಲಿಯವರೆಗೆ ಇಲ್ಲ. ಇದನ್ನೆಲ್ಲ ನಾನು ಯೋಚಿಸಿಯೇ ಇದ್ದೇನೆ.

ಊಟ ಬಡಿಸುವಾಗ ಅಕ್ಕ ಹೇಳಿದರು: “ಅವ್ರಿಗೆ ಸಿಟ್ಟು ಒಟಿಪಿ ಮೇಲಲ್ಲ. ಡೈರಿ ಮುಂದೆ ಓದಿದ್ರಲ್ಲ, ಅದ್ರ ಮೇಲೆ. ಅವ್ರಿಗೆ ಬಾಯಲ್ಲಿ ತಪ್ಪಾಯ್ತು ಅಂದ್ರೆ ಎಂತ ಆಗ್ತದೆ? ಕಾಗದದಲ್ಲಿ ಬಂದಿದ್ದಕ್ಕೆ ಕಾಗದದಲ್ಲೇ ಹೇಳ್ಬೇಕು.”

ನನ್ನ ಚೀಲದಲ್ಲಿ ಆಫೀಸಿನ ಸೀಲು ಇರುತ್ತದೆ. ದೂರು ಪುಸ್ತಕದಿಂದ ಒಂದು ಹಾಳೆ ಹರಿದು ಬರೆದೆ: ‘ಸದರಿ ತಂತಿಯನ್ನು ಕಚ್ಚಿದ್ದು ತಾವಲ್ಲ, ಮಂಗ. ತಪ್ಪು ಬರೆದವನು ನಾನು. ಇದನ್ನು ಬೇಕಾದವರು ಡೈರಿಯ ಮುಂದೆ ಓದಬಹುದು.’ ಸಹಿ ಹಾಕಿ ಎರಡು ಕಡೆ ಸೀಲು ಒತ್ತಿದೆ. ಹೀಗೆ ಬರೆದುಕೊಡಲು ನನಗೆ ಅಧಿಕಾರ ಇದೆಯೋ ಇಲ್ಲವೋ ಗೊತ್ತಿಲ್ಲ. ಇದ್ದರೂ ಇಲ್ಲದಿದ್ದರೂ ಐದು ಗಂಟೆಯ ಮೇಲೆ ಅದೊಂದು ವಿಷಯವೇ ಅಲ್ಲ. ಅಕ್ಕ ಅದನ್ನು ಹಿಡಿದು ಮೇಲ್ಮನೆಗೆ ಹೋದರು.

ಈಗ ಮೂರು ಮೂವತ್ತೈದು. ಭಾವ ಆಗಲೇ ಬಂಡೆ ಹತ್ತಿದ್ದಾರೆ, ಅಕ್ಕ ಇದೀಗ ಮೇಲ್ಮನೆಯಿಂದ ಇಳಿದು ಬಂದರು.

“ಎಂತ ಅಂದ್ರು?”

“ಓದಿದ್ರು. ‘ತಾವಲ್ಲ’ ಅಂತ ಇರೋ ಕಡೆ ಎರಡು ಸಲ ಬೆರಳಿಟ್ರು. ಆಮೇಲೆ ನೋಟಿಸು ತೆಗೆದು ಎರಡೂ ಪಕ್ಕಪಕ್ಕ ಇಟ್ಗೊಂಡು ಕೂತಿದಾರೆ.”

“ಮಂಗನ ವಿಷ್ಯ?”

“ಅದು ಅವ್ರ ಮರದ ಮೇಲೇ ಕೂತಿದೆ.”

ಮೂರು ನಲವತ್ತು. ಒತ್ತಿದೆ. ಮೂರು ನಿಮಿಷ ಶುರುವಾಯಿತು. ಅಕ್ಕ ಒಳಗೆ ಮೋಡೆಮ್ಮಿನ ಮುಂದೆ ನಿಂತಿದ್ದಾರೆ, ಕೈಯಲ್ಲಿ ಆಗಲೇ ಪಾಠದ ಕುಂಚ ಇದೆ. ನನಗೆ ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮೇಲ್ಮನೆಯ ಅಂಗಳ ಇಲ್ಲಿಂದ ಕಾಣುತ್ತದೆ. ಯಜಮಾನರು ಬಂಡೆಯ ಕಡೆ ಕಿವಿಗೆ ಕೈ ಇಟ್ಟು ನಿಂತಿದ್ದಾರೆ. ಕನ್ನಡಕ ತೆಗೆದರು. ಎರಡೂ ಕಾಗದ ಮಡಿಸಿದರು, ಒಂದನ್ನು ಜೇಬಿಗೆ ಇಟ್ಟರು. ಯಾವುದು ಎಂದು ಇಷ್ಟು ದೂರಕ್ಕೆ ಗೊತ್ತಾಗುತ್ತಿಲ್ಲ. ಇನ್ನೊಂದನ್ನು ಹರಿದು ಮಂಗನ ಕಡೆ ಎಸೆದರು.

ಕೂ ಬಂತು. ಭಾವನದಲ್ಲ. ಅದು ಕಂಚಿನ ಗಂಟಲು.

“ಹೇಳಬಾರದು ಅಂತ ಇದೆ,” ಎಂದು ಯಜಮಾನರು ಕೂಗುತ್ತಿದ್ದಾರೆ. “ಕೂಗಬಾರದು ಅಂತ ಎಲ್ಲೂ ಇಲ್ಲ. ಹದಿನಾಲ್ಕೂ ಓದಿ ನೋಡ್ದೆ. ಬರ್ಕೊಳ್ರಿ.”

ಇಲ್ಲಿ ಒಂದು ವಿವರಣೆ ಬೇಕು. ಅಂಕಿಗಳು ಆರೇ ಯಾಕೆ, ನಾಲ್ಕು ಯಾಕಲ್ಲ ಎಂದು ನಿಮಗೆ ಅನ್ನಿಸಿರಬಹುದು. ಅದು ಏನೆಂದರೆ, ನಾಲ್ಕೇ ಆದರೆ ಯಾರು ಬೇಕಾದರೂ ಊಹಿಸಿ ಹೇಳಿಬಿಡಬಹುದು, ಗುಟ್ಟು ಉಳಿಯುವುದಿಲ್ಲ. ಆರು ಇದ್ದರೆ ಗ್ರಾಹಕರಿಗೆ ಬಿಟ್ಟು ಇಡೀ ಊರಿನಲ್ಲಿ ಇನ್ನೊಬ್ಬರಿಗೆ ಗೊತ್ತಾಗಲು ಸಾಧ್ಯವೇ

ಅಕ್ಕ ಕರೆಯುತ್ತಿದ್ದಾರೆ. “ಎಂತ ಬರೀತಾ ಕೂತಿದಿಯಾ ಮಾರಾಯ, ಮೊದಲನೇದು ಒಂಬತ್ತು ಅಂದ್ರು, ಬಾ ಒತ್ತು.” ಆಚೆ ಗುಡ್ಡದ ಮನೆಯಿಂದಲೂ ಯಾರೋ ಒಂಬತ್ತು ಎಂದು ಕೂಗುತ್ತಿದ್ದಾರೆ. ಕೆರೆಯ ಕಡೆಯಿಂದ ಇನ್ನೊಬ್ಬರು. ಬಂದೆ ಅಕ್ಕ. ಆರು ಯಾಕೆ ಎಂದರೆ